ತಕ್ಕದ್ದು

ಪಿಯರ್ ಊರಿನ ಶಾಸನಭವನ, ನಾಲ್ಕನೇ ಮಹಡಿ.
ಡಕೋಟಾದ ನವೆಂಬರ್ ಗಾಳಿ ಮಿಸೌರಿ ನದಿ ದಾಟಿ ಬಂದು
ಕಿಟಕಿ ಸಂದಿಗೆ ಬಾಯಿಟ್ಟು ಊದುತ್ತಿದೆ.
ಆರು ಕುರ್ಚಿ, ಒಂದು ಕಾಫಿ ಜಗ್ಗು,
ಮೂಲೆಯಲ್ಲಿ ನಡವಳಿ ಬರೆಯುವ ನಾನು.
ಇವತ್ತಿನ ಕೆಲಸ: ಎಣಿಸುವುದು.

ಕಾನೂನು ಮಾಡಿದ್ದು ಸದನ, ನಿಯಮ ಮಾಡಿದ್ದು ಇಲಾಖೆ.
ಕಾನೂನು ಎರಡು ಸಾಲು, ನಿಯಮ ಇನ್ನೂರು ಪುಟ,
ಬೀಜ ಹಾಕಿದವರಿಗೇ ಗುರುತು ಸಿಗದ ಬಳ್ಳಿ.
ನಲವತ್ತು ವರ್ಷ ಯಾರೂ ಕತ್ತರಿ ಹಿಡಿದಿಲ್ಲ ಎಂದು
ಅಧ್ಯಕ್ಷ ಹಾಲ್ವರ್ ಟೆಗ್ಲಂಡ್ ಕನ್ನಡಕ ಒರೆಸಿಕೊಂಡ:
ಒಂದೊಂದು 'ತಕ್ಕದ್ದು' ಒಂದೊಂದು ಸರಪಳಿ;
ಕ್ರಿಸ್‌ಮಸ್ಸಿನೊಳಗೆ ಮೂರರಲ್ಲೊಂದು ಕಳಚಬೇಕು.

ಇಡತಕ್ಕದ್ದು. ತೊಳೆಯತಕ್ಕದ್ದು.
ಮೂರು ಪ್ರತಿಗಳಲ್ಲಿ, ನೀಲಿ ಶಾಯಿಯಲ್ಲೇ, ಸಲ್ಲಿಸತಕ್ಕದ್ದು.
ಒಟ್ಟು ಹನ್ನೊಂದು ಸಾವಿರದ ಆರುನೂರ ನಾಲ್ಕು.
ಇದು ತಕ್ಕುದೇ ಎಂದು ಯಾರೂ ಕೇಳಿರದ ತಕ್ಕದ್ದುಗಳು.
ನಿದ್ದೆಯಲ್ಲೂ ನನ್ನ ಬೆರಳು ಅದನ್ನೇ ಒತ್ತುತ್ತದೆ.

ಮೊದಲು ಬಂದವಳು ಹ್ಯೂರನ್ನಿನ ನೋ ಷೀ ವಾ.
ಹಗಲು ಟರ್ಕಿಕೋಳಿ ಕಾರ್ಖಾನೆ, ರಾತ್ರಿ ಮೀನಿನ ಗೊಜ್ಜು.
ಬರ್ಮಾದಲ್ಲಿ ಬಿಟ್ಟುಬಂದ ಬೆಟ್ಟದ ರುಚಿ, ಶೀಷೆಗೆ ನಾಲ್ಕು ಡಾಲರು.
ಪಾತ್ರೆಗೆ ಮೂರು ತೊಟ್ಟಿ ಇರತಕ್ಕದ್ದು, ಅಂದಿದೆ ಇಲಾಖೆ.
"ನನ್ನ ಅಡುಗೆಮನೆಯೇ ಎರಡು ತೊಟ್ಟಿ ಅಗಲ.
ಮೂರನೆಯದು ಎಲ್ಲಿಡಲಿ, ಮಗುವಿನ ತೊಟ್ಟಿಲಲ್ಲಾ?"
ಯಾಕೆ ಮೂರು? ಅಧ್ಯಕ್ಷ ಕೇಳಿದ.
ಇಲಾಖೆ ವಕೀಲ ಹಾಳೆ ತಿರುವಿದ, ಮತ್ತೆ ತಿರುವಿದ.
ಮೊದಲಿಂದಲೂ ಮೂರು, ಸ್ವಾಮಿ.
ನಗು. ಆರೂ ಕೈ ಮೇಲೆ. ಕೆಂಪು ಗೀಟು.
ಗೆದ್ದದ್ದು ತಿಳಿಯದೆ ಅವಳಿನ್ನೂ
ದುಭಾಷಿಯ ತುಟಿ ನೋಡುತ್ತ ನಿಂತಿದ್ದಳು.

ನನಗೂ ಖುಷಿ. ರದ್ದು, ರದ್ದು, ರದ್ದು ಎಂದು ಬರೆದೆ.
ಊಟದ ಹೊತ್ತಿಗೆ ಮುನ್ನೂರ ಹನ್ನೆರಡು,
ಬಟಾಣಿ ಸುಲಿದಷ್ಟು ಸಲೀಸು.

ಮಧ್ಯಾಹ್ನ ಹದಿನೇಳನೆಯದರ ನಾಲ್ಕನೇ ಉಪನಿಯಮ:
ಕಾಳಿನ ಕಣಜಕ್ಕೆ ಒಬ್ಬನು ಇಳಿದಾಗ
ಹೊರಗೆ ಇನ್ನೊಬ್ಬನು, ಬೇರೆ ಕೆಲಸ ಮಾಡದೆ,
ಹಗ್ಗದ ತುದಿ ಹಿಡಿದು ನಿಂತಿರತಕ್ಕದ್ದು.
"ಬೇರೆ ಕೆಲಸ ಮಾಡದೆ!" ಟೆಗ್ಲಂಡ್ ಎರಡು ಸಲ ಓದಿದ.
"ನಾನೂ ಬೇಸಾಯದವನೇ. ಸುಮ್ಮನೆ ನಿಲ್ಲುವವನಿಗೆ
ಯಾರಪ್ಪ ಕೊಡುತ್ತಾನೆ ಕೂಲಿ?"

ಹಿಂದಿನ ಸಾಲಲ್ಲಿ ಕೋಟು ಬಿಚ್ಚದೆ ಕೂತಿದ್ದ ಮುದುಕಿ ಎದ್ದಳು.
ಒಟೀಲಿಯಾ ವೈಸ್‌ಹಾರ್, ಯುರೇಕಾ ಕಡೆಯವಳು.
ಪಟ್ಟಿಯಲ್ಲಿ ಆ ಹೆಸರಿರಲಿಲ್ಲ; ಹೇಗೆ ಬರೆಯುವುದೆಂದು ಆಮೇಲೆ ಕೇಳಿದೆ.
"ನೀವು ಓದಿದ್ದು ಅಂಕಿ. ಅದಕ್ಕೊಂದು ಹೆಸರಿದೆ.
ಎಮಿಲ್. ಹತ್ತೊಂಬತ್ತು ತುಂಬಿತ್ತು.
ಮೆಕ್ಕೆಜೋಳ ನಿಂತಿದ್ದಾಗ ನೆಲ, ಕೆಳಗೆ ಬಾಯಿ ತೆರೆದರೆ ನೀರು.
ಅಣ್ಣನ ಸೊಂಟಕ್ಕೆ ಹಗ್ಗವೇನೋ ಇತ್ತು.
ಇನ್ನೊಂದು ತುದಿ ನನ್ನ ಕೈಲಿತ್ತು.
ಮನೆಯೊಳಗೆ ಫೋನ್ ಹೊಡಕೊಳ್ಳುತ್ತಿತ್ತು, ಹೋದೆ.
ತಪ್ಪು ನಂಬರು.
ಆ 'ಬೇರೆ ಕೆಲಸ ಮಾಡದೆ' ಅನ್ನೋ ಮೂರು ಮಾತು
ನನಗೋಸ್ಕರ ಬರೆದದ್ದು."

ಕಾಫಿ ಜಗ್ಗಿನ ಕೆಂಪು ದೀಪ ಆರಿತು, ಹತ್ತಿತು.
ಮತಕ್ಕೆ ಹಾಕಿದರು: ಮೂರು, ಮೂರು.
ಟೆಗ್ಲಂಡ್ ಯಾವ ಕಡೆ ಕೈ ಎತ್ತಿದನೆಂದು ನಡವಳಿಯಲ್ಲಿದೆ, ಬೇಕಾದವರು ನೋಡಬಹುದು.
ಡಿಸೆಂಬರ್ ಒಂಬತ್ತಕ್ಕೆ ಮುಂದೂಡಲಾಗಿದೆ.

ಎಲ್ಲರೂ ಹೋದರು. ಪಾರ್ಕಿಂಗಿನಲ್ಲಿ ನನ್ನದೊಂದೇ ಕಾರು, ಮೇಲೆ ಹಿಮ.
ಬೆಳಿಗ್ಗೆ ರದ್ದಾದ ಮುನ್ನೂರ ಹನ್ನೆರಡನ್ನು
ಕಸದ ಬುಟ್ಟಿಯಿಂದ ತೆಗೆದು ಮಡಿಕೆ ಬಿಡಿಸುತ್ತಿದ್ದೇನೆ.
ನೀಲಿ ಶಾಯಿ ಯಾರಿಗಾಗಿ? ಮೂರನೆಯ ತೊಟ್ಟಿ?
ಯಾರಿಗಾಗಿಯೂ ಅಲ್ಲ ಇರಬಹುದು. ಯಾರೋ ಗುಮಾಸ್ತ
ಊಟಕ್ಕೆ ಮುಂಚೆ ಗೀಚಿದ್ದಿರಬಹುದು.
ಅಂಚಿನಲ್ಲಿ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ಮೇಜಿನ ಮೇಲೆ ಫೋನ್ ಹೊಡಕೊಳ್ಳುತ್ತಿದೆ, ಮನೆಯಿಂದ.
ಹೊಡಕೊಳ್ಳಲಿ.
ನೂರಾ ನಲವತ್ತೊಂದು. ನೂರಾ ನಲವತ್ತೆರಡು.